ಹಾಲಕ್ಕನ ಎಡ ಸೊಂಟ

ಮೈಗೆ ತಕ್ಕಂತೆ ಬಟ್ಟೆ ಹೊಲಿಯುವುದು ನನ್ನ ಕಸುಬು. ಬಟ್ಟೆಗೆ ತಕ್ಕಂತೆ ಮೈಯನ್ನೇ ತಿದ್ದುವ ಕಾಲ ಬಂದರೆ ದರ್ಜಿಯ ಗತಿ ಏನು ಎಂದು ನಾನು ಎಂದೂ ಯೋಚಿಸಿದವಳಲ್ಲ. ಆ ಕಾಲ ಹೇಳದೆ ಕೇಳದೆ ದಾವಣಗೆರೆಗೆ ಬಂತು. ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ, ಹಿಂದೆ ಹತ್ತಿ ಗೋದಾಮು ಇದ್ದ ಜಾಗದಲ್ಲಿ ‘ನವತನು ಕೇಂದ್ರ’ ಎಂಬ ಬೋರ್ಡು ಹಾಕಿಕೊಂಡು ಕುಳಿತೇ ಬಿಟ್ಟಿತು.

ಅಲ್ಲಿ ಚಾಕು ಇಲ್ಲ, ರಕ್ತ ಇಲ್ಲ. ಬೆಚ್ಚಗಿನ ದ್ರವ ತುಂಬಿದ ಒಂದು ಉದ್ದನೆಯ ತೊಟ್ಟಿ. ಅದರಲ್ಲಿ ಮಲಗಿದರೆ ಚರ್ಮದಡಿಯ ಕೊಬ್ಬು, ನಾರು, ಮೆಲ್ಲೆಲುಬುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಕಟ್ಟುಗಳು ಸಡಿಲವಾಗುತ್ತವೆ. ಆಮೇಲೆ ಕಿವಿಗೆ ಕೇಳಿಸದ ಶಬ್ದದ ಅಲೆಗಳು ಎಲ್ಲವನ್ನೂ ಮೆಲ್ಲಗೆ ಒತ್ತಿ, ಕಂಪ್ಯೂಟರಿನಲ್ಲಿರುವ ನಕ್ಷೆಯಂತೆ ಕೂರಿಸುತ್ತವೆ. ಹೆಚ್ಚಾದದ್ದನ್ನು ಒಂದು ಸಣ್ಣ ಕೊಳವೆ ಹೀರಿ ತೆಗೆಯುತ್ತದೆ. ಕೊನೆಗೆ ಇನ್ನೊಂದು ದ್ರವ ಬಿಟ್ಟರೆ ಕಟ್ಟುಗಳು ಮತ್ತೆ ಬಿಗಿಯುತ್ತವೆ. ಬೆಳಿಗ್ಗೆ ಹೋದವರು ಸಂಜೆಗೆ ಬೇರೆ ಆಕಾರ ಹೊತ್ತು ಮನೆಗೆ ಬರುತ್ತಾರೆ. ಆರಿಸಿಕೊಳ್ಳಲು ಒಂದು ಪುಸ್ತಕವೂ ಇತ್ತು. ಮೂಗಿನಲ್ಲಿ ಮೂವತ್ತು ನಮೂನೆ, ಗಲ್ಲದಲ್ಲಿ ಹದಿನೆಂಟು, ಸೊಂಟದಲ್ಲಿ ಹನ್ನೆರಡು.

ಮೊದಲ ಎರಡು ತಿಂಗಳು ನನಗೆ ಭಾರೀ ಕೆಲಸ. ಊರಿನ ಅರ್ಧ ಹೆಂಗಸರು ಹಳೆಯ ರವಿಕೆ ತಂದು ಬಿಗಿ ಮಾಡಿಸಿಕೊಂಡರು. ಮೂರನೆಯ ತಿಂಗಳಿಂದ ಮೆಷಿನ್ನು ಸುಮ್ಮನೆ ಕುಳಿತಿತು. ಎಲ್ಲರೂ ನಾಲ್ಕನೆಯ ನಮೂನೆ ಸೊಂಟವನ್ನೇ ಆರಿಸಿದ್ದರು. ಎಲ್ಲರಿಗೂ ಅಂಗಡಿಯ ರೆಡಿಮೇಡ್ ಬಟ್ಟೆಯೇ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಆದ್ದರಿಂದ ನನಗೆ ಆ ಕೇಂದ್ರದ ಮೇಲೆ ಹೊಟ್ಟೆಕಿಚ್ಚಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದರಲ್ಲಿ ಅಷ್ಟನ್ನು ಕಳೆದು ಓದಿ.

ಹಾಲೇಶ್ವರಿ ನನ್ನ ಹಳೆಯ ಗಿರಾಕಿ. ಬಸ್ ಕಂಡಕ್ಟರ್. ಊರೆಲ್ಲ ಅವಳನ್ನು ಹಾಲಕ್ಕ ಎನ್ನುತ್ತದೆ. ಟಿಕೆಟ್ಟನ್ನು ಫೋನೇ ಕೊಡುವ ಈ ಕಾಲದಲ್ಲೂ ಹಳ್ಳಿಯ ದಾರಿಗಳಲ್ಲಿ ಕಂಡಕ್ಟರು ಬೇಕು. ಮುದುಕರನ್ನು ಹತ್ತಿಸಬೇಕು, ಮೂಟೆ ಸರಿಸಬೇಕು, ಸೀಟಿನ ಜಗಳ ಬಿಡಿಸಬೇಕು, ಫೋನಿಲ್ಲದವರಿಗೆ ಚೀಟಿ ಹರಿದು ಕೊಡಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವಳು ಅವಳು. ದಪ್ಪ ಮೈ, ದೊಡ್ಡ ದನಿ. ಅವಳ ಖಾಕಿ ಚೂಡಿದಾರ್‌ಗಳನ್ನೆಲ್ಲ ನಾನೇ ಹೊಲಿದಿದ್ದು.

ಕೇಂದ್ರದವರು ಉದ್ಘಾಟನೆಯ ದಿನ ಒಬ್ಬರಿಗೆ ಪುಕ್ಕಟೆ ಎಂದು ಚೀಟಿ ಎತ್ತಿದರು. ಹಾಲಕ್ಕನ ಹೆಸರು ಬಂತು. ಅವಳು ಎರಡನೆಯ ಯೋಚನೆ ಮಾಡಲಿಲ್ಲ. ವಾರ ಕಳೆದು ಖಾಕಿ ಕುರ್ತಾಗಳನ್ನು ಹೊತ್ತು ಅಂಗಡಿಗೆ ಬಂದಾಗ ನಾನು ಗುರುತು ಹಿಡಿದದ್ದು ದನಿಯಿಂದ.

“ಏನ್ ಹಾಲಕ್ಕ, ಅರ್ಧ ಮೈ ಎಲ್ಲಿಟ್ಟು ಬಂದೆ?” ಎಂದೆ.

“ನಗಬ್ಯಾಡ್ರಿ ತುಳಸಕ್ಕ,” ಎಂದಳು. ಆದರೆ ಅವಳೇ ನಗುತ್ತಿದ್ದಳು. “ಬಾಗ್ಲಿಂದ ಡ್ರೈವರ್ ತನಕ ಇಪ್ಪತ್ತೆರಡು ವರ್ಷದಾಗ ಒಂದ್ ಸಲನಾದ್ರೂ ಯಾರಿಗೂ ತಾಗದಂಗೆ ಹೋಗಿಲ್ಲ ನಾನು. ನಾ ತಾಗಿದ್ರೆ ಬೈತಾರೆ. ಕೆಲವ್ರು ಬೇಕಂತ್ಲೇ ತಾಗ್ತಾರೆ. ಯಾವ್ದು ರಶ್ಶು, ಯಾವ್ದು ಹಲ್ಕಟ್‌ತನ ಅಂತ ದಿನಾ ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟು ಹೋಗಿತ್ತು. ನಿನ್ನೆ ನೋಡ್ರಿ, ತುಂಬಿದ ಬಸ್ಸಿನಾಗೆ ಹಿಂದ್ಲಿಂದ ಮುಂದಕ್ಕೆ ಹಂಗೇ ಬಂದುಬಿಟ್ಟೆ. ಗಾಳಿ ಬಂದಂಗೆ.”

ನಾನು ಏನೋ ಕುಟುಕಬೇಕೆಂದು ಬಾಯಿ ತೆರೆದವಳು ಟೇಪು ಕೈಗೆತ್ತಿಕೊಂಡೆ. ತೆಳ್ಳಗಾಗುವ ಆಸೆಯೆಲ್ಲ ಕನ್ನಡಿಯ ಮುಂದಿನ ಹುಚ್ಚು ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಕುರ್ತಾಗಳನ್ನು ಬಿಗಿ ಮಾಡಲು ಕುಳಿತೆ. “ಹೆಚ್ಚಿಗಿರಾದು ಕತ್ತರಿಸಿ ಒಗೀರಿ. ಆ ಬಟ್ಟೆ ಮತ್ತೆ ನನಗೆ ಬ್ಯಾಡ,” ಎಂದಳು. ನಾನು ಹೂಂ ಎಂದೆ, ಆದರೆ ಕತ್ತರಿಸಲಿಲ್ಲ. ಎರಡೂ ಪಕ್ಕದ ಬಟ್ಟೆಯನ್ನು ಒಳಗೆ ಮಡಿಸಿ ಹೊಲಿದೆ. ನಮ್ಮಪ್ಪ ಕಲಿಸಿದ ಪಾಠ ಅದು. ಮೈ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ, ಹೊಲಿಗೆಯೊಳಗೆ ಬಟ್ಟೆ ಬಿಡದವನು ದರ್ಜಿಯೇ ಅಲ್ಲ ಎನ್ನುತ್ತಿದ್ದ.

ಮೂರು ವಾರವೂ ಆಗಿರಲಿಲ್ಲ. ಹಾಲಕ್ಕ ಹುಬ್ಬಿನ ಮೇಲೆ ಪಟ್ಟಿ ಹಾಕಿಸಿಕೊಂಡಿದ್ದಾಳೆ ಎಂಬ ಸುದ್ದಿ ಬಂತು. ನೋಡಿಕೊಂಡು ಬರೋಣ ಎಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಓಣಿಯ ತುದಿಯಲ್ಲಿ ಕಂಡ ನೋಟಕ್ಕೆ ನಿಂತಲ್ಲೇ ನಿಂತೆ. ಅವಳ ಗಂಡ ಮಂಜಪ್ಪ ಬಾಳೆಹಣ್ಣು ಮಾರುವ ತಳ್ಳುಗಾಡಿಯನ್ನು ಹಳ್ಳದಿಣ್ಣೆಯ ರಸ್ತೆಯಲ್ಲಿ ಜೋರಾಗಿ ದಬ್ಬುತ್ತಿದ್ದ. ಗಾಡಿಯ ಮೇಲೆ ಹಣ್ಣಿರಲಿಲ್ಲ. ಹಾಲಕ್ಕ ನಿಂತಿದ್ದಳು. ಗಾಡಿಗೆ ಒಂದು ಕೋಲು ಬಿಗಿದು, ಎಡ ಸೊಂಟವನ್ನು ಅದಕ್ಕೆ ಆನಿಸಿ, ಎರಡೂ ಕೈಗಳನ್ನು ಮುಂದೆ ಹಿಡಿದು ಇಲ್ಲದ ಟಿಕೆಟ್ ಹರಿಯುತ್ತಿದ್ದಳು. ಒಂದು ಗುಂಡಿ ಬಂತು. ಸೊಂಟ ಕೋಲಿನಿಂದ ಜಾರಿತು. ಮಂಜಪ್ಪ ಗಾಡಿ ಬಿಟ್ಟು ಓಡಿ ಹಿಡಿಯದಿದ್ದರೆ ಇನ್ನೊಂದು ಹುಬ್ಬೂ ಹೋಗುತ್ತಿತ್ತು.

“ಹದಿನೆಂಟ್ನೇ ಸಲ ತುಳಸಕ್ಕ,” ಎಂದ ಮಂಜಪ್ಪ, ಏದುಸಿರು ಬಿಡುತ್ತ. “ಹಣ್ಣಾಗಿದ್ರೆ ಇಷ್ಟೊತ್ತಿಗೆ ಪೂರ್ತಿ ಜಜ್ಜಿ ಹೋಗ್ತಿತ್ತು.”

ಒಳಗೆ ಕರೆದು ಚಹಾ ಕೊಟ್ಟರು. ಹಾಲಕ್ಕ ಬಿಡಿಸಿ ಹೇಳಿದಳು. ಓಡುವ ಬಸ್ಸಿನಲ್ಲಿ ಕಂಡಕ್ಟರು ಏನನ್ನೂ ಹಿಡಿದುಕೊಳ್ಳುವ ಹಾಗಿಲ್ಲ. ಒಂದು ಕೈಗೆ ಮೆಷಿನ್ನು, ಇನ್ನೊಂದು ಕೈಗೆ ಚಿಲ್ಲರೆ. ಅವಳ ದೇಹವೆಲ್ಲ ಎಡ ಸೊಂಟದ ಮೇಲೆ ನಿಲ್ಲುತ್ತಿತ್ತು. ಸೀಟಿನ ಅಂಚಿನ ಕಂಬಿಗೆ ಅದನ್ನು ಒತ್ತಿದರೆ ಸಾಕು, ಎಂಥ ತಿರುವು ಬಂದರೂ ಕಾಲು ಅಲುಗುತ್ತಿರಲಿಲ್ಲ. ಈಗ ಅಲ್ಲಿ ನಾಲ್ಕನೆಯ ನಮೂನೆ ಇದೆ. ಕಂಬಿ ಎಲುಬಿಗೆ ತಾಗುತ್ತದೆ, ಜಾರುತ್ತದೆ. ಒಮ್ಮೆ ಒಬ್ಬ ಅಜ್ಜನ ತೊಡೆಯ ಮೇಲೆ ಬಿದ್ದಳು, ಬಸ್ಸೆಲ್ಲ ನಕ್ಕಿತು. ಇನ್ನೊಮ್ಮೆ ಹುಬ್ಬು ಒಡೆಯಿತು.

“ಎರಡು ತಿಂಗ್ಳು ಟೈಮ್ ಕೊಟ್ಟಾರೆ,” ಎಂದಳು. “ಓಡೋ ಬಸ್ಸಿನಾಗೆ ಪರೀಕ್ಷೆ. ಕೈ ಬಿಟ್ಟು ನಿಂತು ಟಿಕೆಟ್ ಕೊಡಬೇಕು. ಬಿದ್ರೆ ಡಿಪೋದಾಗೆ ಕೂರಿಸ್ತಾರೆ, ಜನ ಮರೆತು ಹೋದ ಕೊಡೆ, ಟಿಫನ್ ಡಬ್ಬಿ ಕಾಯಾಕೆ.” ಅವಳ ಕಣ್ಣು ತುಂಬಿತು. “ನನಗೆ ಬಸ್ ಬೇಕ್ರಿ ತುಳಸಕ್ಕ. ಬಸ್ ಬಿಟ್ರೆ ನನಗೇನೂ ಬರಂಗಿಲ್ಲ.”

ಮರುದಿನ ನಾನೇ ಅವಳನ್ನು ಕರೆದುಕೊಂಡು ಕೇಂದ್ರಕ್ಕೆ ಹೋದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಡಾಕ್ಟರ್ ನಿರುಪಮಾ ಜಗಳಕ್ಕೆ ಸಿಕ್ಕುವ ಹೆಂಗಸಾಗಿರಲಿಲ್ಲ. ಮೈಸೂರಿನ ಕಡೆಯವರು, ನಲವತ್ತರ ಆಸುಪಾಸು, ನಿದ್ದೆಗೆಟ್ಟ ಕಣ್ಣು. ಎಲ್ಲ ಕೇಳಿಸಿಕೊಂಡು ಕಂಪ್ಯೂಟರ್ ತೆರೆದರು.

“ಇವರ ಹಳೇ ನಕ್ಷೆ ಇಲ್ಲ,” ಎಂದರು. “ಅಳಿಸಿಬಿಡಿ ಅಂತ ಫಾರಮ್‌ನಲ್ಲಿ ಇವರೇ ಗುರುತು ಹಾಕಿದ್ದಾರೆ.”

ಹಾಲಕ್ಕ ತಲೆ ತಗ್ಗಿಸಿದಳು. “ಖುಷಿಯಾಗಿ ಹಾಕಿದ್ದೆ ಮೇಡಂ. ಅದನ್ನ ಯಾರೂ ನೋಡಬಾರ್ದು ಅಂತ.”

“ಎಲ್ಲರೂ ಹಾಗೇ ಹಾಕ್ತಾರೆ.”

“ತೆಗೆದದ್ದು?” ಎಂದೆ ನಾನು. “ಅವಳ ಮೈಯಿಂದ ತೆಗೆದದ್ದು ಎಲ್ಲಿದೆ?”

“ಅದನ್ನ ಸುಟ್ಟುಬಿಡ್ತೀವಿ. ನಿಯಮ.”

ನನ್ನ ಪಿತ್ತ ನೆತ್ತಿಗೇರಿತು. “ಅಲ್ರಿ ಡಾಕ್ಟ್ರೇ, ನಾವು ರವಿಕೆ ಹೊಲಿದು ಉಳಿದ ಅಂಗೈ ಅಗಲದ ತುಂಡನ್ನೂ ಗಂಟು ಕಟ್ಟಿ ಗಿರಾಕಿಗೆ ವಾಪಸ್ ಕೊಡ್ತೀವಿ. ನೀವು ಮನುಷ್ಯರ ಮೈ ಕತ್ತರಿಸಿ ಉಳಿದದ್ದನ್ನ ಸುಡ್ತೀರಾ?”

ಅವರು ಸಿಟ್ಟಾಗಲಿಲ್ಲ. “ಯಾರೂ ವಾಪಸ್ ಕೇಳಿರಲಿಲ್ಲ,” ಎಂದರು. ಆಮೇಲೆ ವಿವರಿಸಿದರು. ಹಾಲಕ್ಕನ ಜೀವಕೋಶಗಳನ್ನೇ ತೆಗೆದು ನಲವತ್ತು ದಿನ ಬೆಳೆಸಿದರೆ ತುಂಬಲು ಬೇಕಾದಷ್ಟು ಸಿಗುತ್ತದೆ. ಆದರೆ ಎರಡು ತೊಡಕು. ದೇಹದ ಕಟ್ಟುಗಳನ್ನು ಎರಡು ಸಲ ಸಡಿಲಿಸಬಹುದು, ಮೂರನೆಯ ಸಲ ಅವು ಮತ್ತೆ ಬಿಗಿಯುವುದಿಲ್ಲ. ಆದ್ದರಿಂದ ಇದೇ ಕೊನೆಯ ಅವಕಾಶ. ಇನ್ನೊಂದು, ನಕ್ಷೆಯಿಲ್ಲದೆ ಯಂತ್ರಕ್ಕೆ ಹಳೆಯ ಆಕಾರ ಗೊತ್ತಾಗುವುದಿಲ್ಲ. ಪುಸ್ತಕದ ಹನ್ನೆರಡರಲ್ಲಿ ಒಂದನ್ನು ಕೊಡಬಹುದು.

“ನನಗೆ ಪುಸ್ತಕದ್ದು ಬ್ಯಾಡ, ನನ್ನದು ಬೇಕು,” ಎಂದಳು ಹಾಲಕ್ಕ.

ಆಗ ನಾನು ಸೆಟೆದು ಕುಳಿತೆ. “ಅವಳ ನಕ್ಷೆ ನನ್ನ ಹತ್ರ ಐತಿ.”

ಅಂಗಡಿಗೆ ಹೋಗಿ ಅಳತೆ ಪುಸ್ತಕ ತಂದೆ. ಕೆಂಪು ರಟ್ಟಿನ ಉದ್ದ ಪುಸ್ತಕ, ಎಣ್ಣೆಯ ಕಲೆ. ಅದರಲ್ಲಿ ಹಾಲೇಶ್ವರಿ, ಕಂಡಕ್ಟರ್, ಹತ್ತು ಅಳತೆ, ಸೀಟು ಎಂದರೆ ಸೊಂಟದ ಸುತ್ತಳತೆ ನಲವತ್ತಾರು, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಎಡ ಪಕ್ಕ ಬಲಕ್ಕಿಂತ ಒಂದು ಇಂಚು ಜಾಸ್ತಿ’. ಡಾಕ್ಟರು ಪುಟದ ಮೇಲೆ ಬೆರಳಾಡಿಸಿದರು. “ನಮ್ಮ ಯಂತ್ರ ಎರಡೂ ಪಕ್ಕ ಒಂದೇ ಸಮ ಮಾಡುತ್ತೆ. ಒಂದು ಕಡೆ ಜಾಸ್ತಿ ಇರೋದು ತಪ್ಪು ಅಂತಲೇ ಅದಕ್ಕೆ ಕಲಿಸಿದ್ದೀವಿ,” ಎಂದರು.

“ಹಂಗಾದ್ರೆ ಇನ್ನೂ ಒಂದು ತಪ್ಪು ಮಾಡಿಸ್ರಿ,” ಎಂದಳು ಹಾಲಕ್ಕ. “ನನಗೆ ಎಡಗಡೆ ಮಾತ್ರ ವಾಪಸ್ ಕೊಡ್ರಿ. ಬಲಗಡೆ ಹಿಂಗೇ ಇರ್ಲಿ.”

“ಓರೆಯಾಗಿ ಕಾಣುತ್ತಲ್ಲಮ್ಮ!”

“ಕಾಣ್ಲಿ ಬಿಡ್ರಿ. ನಾನು ನಿಲ್ಲುವಾಗ ನನ್ನ ಬಲಗಡೆ ಜನ ಇರ್ತಾರೆ, ಎಡಗಡೆ ಬಸ್ ಇರ್ತೈತಿ. ಜನಕ್ಕೆ ಎಷ್ಟು ಬೇಕೋ ಅಷ್ಟು, ಬಸ್ಸಿಗೆ ಎಷ್ಟು ಬೇಕೋ ಅಷ್ಟು.”

ಡಾಕ್ಟರು ಮೊದಲ ಸಲ ನಕ್ಕರು. ನಮ್ಮನ್ನು ಬಾಗಿಲವರೆಗೆ ಬಿಡಲು ಬಂದವರು ನನ್ನ ಪುಸ್ತಕವನ್ನು ಎದೆಗವಚಿಕೊಂಡೇ ನಿಂತಿದ್ದರು. “ಈ ತೊಟ್ಟಿಯಲ್ಲಿ ಮೊದಲು ಮಲಗಿದವಳು ನಾನೇ,” ಎಂದರು. “ಪ್ರಯೋಗಕ್ಕೆ ಗಲ್ಲ ಬದಲಾಯಿಸಿಕೊಂಡೆ, ನಕ್ಷೆ ಅಳಿಸಿಬಿಟ್ಟೆ. ಈಗ ಹಳೇ ಗಲ್ಲ ಹೇಗಿತ್ತು ಅಂತ ಕೈಯಿಟ್ಟು ನೆನಪು ಮಾಡ್ಕೊಳ್ಳೋಕೆ ಹೋದ್ರೆ ಸಿಗೋದೇ ಇಲ್ಲ.” ನನಗೆ ಪಾಪ ಅನ್ನಿಸಿತು. ಗಲ್ಲಕ್ಕೆ ನಾವು ಬಟ್ಟೆ ಹೊಲಿಯುವುದಿಲ್ಲವಲ್ಲ.

ನಲವತ್ತು ದಿನ ಹೋದವು. ಹಾಲಕ್ಕ ರಜೆ ಹಾಕಿದ್ದಳು. ಪರೀಕ್ಷೆಗೆ ಇನ್ನು ಹತ್ತು ದಿನ ಇದ್ದಾಗ ಅವಳನ್ನು ಬೆಳಿಗ್ಗೆ ಎಂಟಕ್ಕೆ ತೊಟ್ಟಿಯಲ್ಲಿ ಮಲಗಿಸಿದರು. ಎರಡು ಗಂಟೆಗೆ ಬಿಗಿಯುವ ದ್ರವ ಬಿಡುವುದೆಂದು ತೀರ್ಮಾನ. ನಾನು ಅಂಗಡಿಯಲ್ಲಿ ಒಂದು ಶಾಲೆ ಹುಡುಗಿಯ ಫ್ರಾಕಿಗೆ ಅಳತೆ ತೆಗೆಯುತ್ತಿದ್ದೆ. ಬೀಗುತ್ತಲೂ ಇದ್ದೆ. ಊರನ್ನೇ ತಿದ್ದಿದ ಯಂತ್ರ ಕೊನೆಗೆ ನನ್ನ ಕೆಂಪು ಪುಸ್ತಕಕ್ಕೆ ಶರಣು ಬಂತಲ್ಲ ಎಂದು ನಮ್ಮ ಮನೆಯವರಿಗೆ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದೆ. ಅವರು ಗುಂಡಿ ಹಚ್ಚುತ್ತ ನಾಲ್ಕು ಸಲವೂ ಹೌದಪ್ಪ ಎಂದಿದ್ದರು.

ಹುಡುಗಿಯ ಎದೆ ಇಪ್ಪತ್ತಾರು. ಪುಸ್ತಕದಲ್ಲಿ ಇಪ್ಪತ್ತೆಂಟೂವರೆ ಎಂದು ಬರೆದೆ. ಪೆನ್ಸಿಲ್ಲು ಅಲ್ಲೇ ನಿಂತಿತು.

ನಾನು ಮೈಯ ಅಳತೆಯನ್ನು ಬರೆಯುವುದೇ ಇಲ್ಲ. ನಮ್ಮಪ್ಪನೂ ಬರೆಯುತ್ತಿರಲಿಲ್ಲ. ಟೇಪು ಹಿಡಿದಾಗಲೇ ಉಸಿರಿಗೆ, ಕೂರುವುದಕ್ಕೆ, ಬಗ್ಗುವುದಕ್ಕೆ ಬೇಕಾದ ಲೂಸನ್ನು ಮನಸ್ಸಿನಲ್ಲೇ ಕೂಡಿಸಿ ಬಟ್ಟೆಯ ಅಳತೆಯನ್ನು ಬರೆಯುವುದು ನಮ್ಮ ಮನೆಯ ರೂಢಿ. ಆ ಪುಸ್ತಕವನ್ನು ನಮ್ಮನ್ನು ಬಿಟ್ಟು ಇನ್ನೊಬ್ಬರು ಓದುವ ಪ್ರಸಂಗವೇ ಬಂದಿರಲಿಲ್ಲ. ಖಾಕಿ ದಪ್ಪ ಬಟ್ಟೆ ಎಂದು ಎರಡೂವರೆ ಇಂಚು ಬಿಡುತ್ತಿದ್ದೆ. ನಲವತ್ತಾರು ಹಾಲಕ್ಕನ ಸೊಂಟವಲ್ಲ, ಕುರ್ತಾದ ಸೊಂಟ. ಯಂತ್ರ ಗಾಳಿ ಆಡಲು ಬಿಟ್ಟ ಜಾಗಕ್ಕೂ ಮಾಂಸ ತುಂಬುತ್ತಿತ್ತು.

ಕೇಂದ್ರಕ್ಕೆ ಫೋನು ಮಾಡಿದೆ. ಸಂಗೀತ ಕೇಳಿಸಿತು, ಯಾರೂ ಎತ್ತಲಿಲ್ಲ. ಗಡಿಯಾರದಲ್ಲಿ ಒಂದೂಕಾಲು. ಹಾಲಕ್ಕ ರಿಪೇರಿಗೆಂದು ಬಿಟ್ಟಿದ್ದ ಒಂದು ಹಳೆಯ ಖಾಕಿ ಕುರ್ತಾ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಕಿತ್ತುಕೊಂಡು, ಕೊರಳಲ್ಲಿ ಟೇಪು ಹಾಗೇ ಇರಲು, ಎರಡು ಬೀದಿ ಓಡಿದೆ. ನನ್ನ ವಯಸ್ಸಿನ ಹೆಂಗಸು ಓಡುವುದನ್ನು ಊರು ನೋಡಿತು.

ಯಂತ್ರದ ಕೋಣೆಯ ಗಾಜಿನಾಚೆ ಹಾಲಕ್ಕ ದ್ರವದಲ್ಲಿ ಕುತ್ತಿಗೆವರೆಗೆ ಮುಳುಗಿ ಮಲಗಿದ್ದಳು. ಪರದೆಯ ಮೇಲೆ ಅವಳ ಎಡ ಸೊಂಟ ಹಸಿರು ಗೆರೆಯಲ್ಲಿ ಉಬ್ಬಿ ನಿಂತಿತ್ತು. ಡಾಕ್ಟರ್ ನಿರುಪಮಾ ಸಹಾಯಕರೊಬ್ಬರ ಜೊತೆ ಅದನ್ನೇ ನೋಡುತ್ತಿದ್ದರು. ನಾನು ಬಾಗಿಲು ದಬ್ಬಿ, “ನಿಲ್ಸ್ರಿ! ತಪ್ಪು ನನ್ನದು!” ಎಂದು ಕೂಗಿದೆ.

ಹೇಳಿದ್ದನ್ನು ಕೇಳಿ ಡಾಕ್ಟರು ಪರದೆಯ ಕಡೆ ತಿರುಗಿದರು. “ಒಂದೂಕಾಲು ಇಂಚು ಜಾಸ್ತಿ ಆಗಿದೆಯಾ ಹಾಗಾದ್ರೆ?”

“ಎರಡು ಪಕ್ಕದ್ದು ಸೇರಿ ಎರಡೂವರೆ. ಒಂದು ಪಕ್ಕಕ್ಕೆ ಒಂದೂಕಾಲು. ಹೌದು.”

“ನಿಮಗೆ ಖಚಿತ ಇದೆಯಾ? ಇನ್ನು ಮುಂದೆ ತಿದ್ದೋಕೆ ಆಗಲ್ಲ.”

“ನಲವತ್ತು ವರ್ಷದಲ್ಲಿ ಖಾಕಿಗೆ ಎರಡೂವರೆ ಬಿಟ್ಟು ಬೇರೆ ಬಿಟ್ಟವಳಲ್ಲ ನಾನು. ಆದ್ರೆ ಅಂಕಿ ನಂಬಿ ಒಂದ್ ಸಲ ಕೆಟ್ಟಾಗೈತಿ. ನನ್ನನ್ನ ಒಳಗೆ ಬಿಡ್ರಿ.”

ಹೊರಗಿನವರು ಒಳಗೆ ಹೋಗುವಂತಿಲ್ಲ ಎಂದು ಸಹಾಯಕರು ಶುರುಮಾಡಿದರು. ಡಾಕ್ಟರು ನನಗೆ ಕೈಗವಸು ಕೊಟ್ಟರು.

ಹಾಲಕ್ಕನಿಗೆ ಎಚ್ಚರವಿತ್ತು, ಕುತ್ತಿಗೆಯ ಕೆಳಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. “ಯಾಕ್ರಿ ತುಳಸಕ್ಕ, ಇಲ್ಲೂ ಟ್ರಯಲ್ ನೋಡ್ತೀರೇನು?” ಎಂದಳು. ನನಗೆ ಅಳು ಬಂತು. ತಪ್ಪು ಒಪ್ಪಿಕೊಂಡೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿ, “ಸರಿ ಮಾಡ್ರಿ ಮತ್ತೆ. ಅತ್ರೆ ಕೈ ನಡುಗ್ತಾವೆ,” ಎಂದಳು.

ಟೇಪನ್ನು ಬೆಚ್ಚಗಿನ ದ್ರವದೊಳಗೆ ಇಳಿಸಿ, ಎಂದಿನಂತೆ ಎರಡು ಬೆರಳು ಒಳಗಿಟ್ಟು ಅಳೆದೆ. ಡಾಕ್ಟರು ಯಂತ್ರದ ಸಮತೋಲದ ನಿಯಮವನ್ನು ಪೂರ್ತಿ ಆರಿಸಿ, ನನ್ನ ಮಾತಿನ ಪ್ರಕಾರ ಅಲೆಗಳನ್ನು ನಡೆಸಿದರು. ಕಾಲಿಂಚು, ಇನ್ನೊಂದು ಕಾಲಿಂಚು. ಸುತ್ತಳತೆ ಸರಿಹೋಯಿತು. ಆದರೂ ಕೈಗೆ ಹಿಡಿಸಲಿಲ್ಲ. ಉಬ್ಬು ಎಲ್ಲಿ ಕೂರಬೇಕು, ಮೇಲೋ ಕೆಳಗೋ? ಪುಸ್ತಕದಲ್ಲಿ ಅದು ಇರಲಿಲ್ಲ.

ಆಗ ಕುರ್ತಾ ನೆನಪಾಯಿತು. ಎಡ ಪಕ್ಕದಲ್ಲಿ, ಕಂಬಿ ಉಜ್ಜಿ ಉಜ್ಜಿ ಖಾಕಿ ಸವೆದು ಹೊಳೆಯುವ ಒಂದು ಜಾಗವಿತ್ತು. ವರ್ಷಕ್ಕೊಮ್ಮೆ ಅಲ್ಲಿ ಒಳಗಿನಿಂದ ತೇಪೆ ಹಾಕುತ್ತಿದ್ದವಳು ನಾನೇ. ಡಾಕ್ಟರ ಒಪ್ಪಿಗೆ ಕೇಳಿ ಕುರ್ತಾವನ್ನು ಒಂದು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಹಾಲಕ್ಕನ ಮೇಲೆ ಹಾಸಿದೆ. ಸವೆದ ಜಾಗ ಉಬ್ಬಿಗಿಂತ ಮುಕ್ಕಾಲು ಇಂಚು ಕೆಳಗಿತ್ತು.

“ಇಲ್ಲಿಗೆ,” ಎಂದೆ.

ಡಾಕ್ಟರು ಅಲ್ಲಿಗೆ ಇಳಿಸಿದರು. ನಾನು ಅಂಗೈಯಿಟ್ಟು ನೋಡಿದೆ. ಇಪ್ಪತ್ತೆರಡು ವರ್ಷ ಟೇಪು ಹಿಡಿದು ಸುತ್ತಿದ್ದ ಅದೇ ಸೊಂಟ. ಅಷ್ಟು ಸಮಾಧಾನ ನನಗೆ ನನ್ನ ಹೊಲಿಗೆಯಲ್ಲೂ ಎಂದೂ ಆಗಿರಲಿಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಬಿಗಿಯುವ ದ್ರವ ಬಿಟ್ಟರು.

ವಾರದ ನಂತರ ಹಾಲಕ್ಕ ಬಿಗಿ ಮಾಡಿಸಿದ್ದ ಕುರ್ತಾಗಳನ್ನು ಮತ್ತೆ ತಂದಳು. ಮುಖದಲ್ಲಿ ಸಂಕೋಚ. “ಎಡಗಡೆ ಕೂರಂಗಿಲ್ಲ. ಆವತ್ತೇ ಕತ್ತರಿಸಿ ಒಗೀರಿ ಅಂದಿದ್ದೆ ನಾನು. ಈಗ ಹೊಸಾದೇ ಹೊಲೀಬೇಕೇನ್ರಿ?”

ನಾನು ಎಡ ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಮಡಿಸಿದ್ದ ಬಟ್ಟೆ ಹೊರಬಂತು. ಬಿಸಿಲು ಕಾಣದ ಆ ಪಟ್ಟಿ ಉಳಿದ ಖಾಕಿಗಿಂತ ಹೊಸದಾಗಿತ್ತು. ಹಾಲಕ್ಕ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಬಲ ಪಕ್ಕದ ಮಡಿಕೆಯನ್ನು ಹಾಗೇ ಬಿಟ್ಟೆ. ಅದು ಅವಳ ಇಷ್ಟ. ಬೇಕಾದರೆ ಇರಲಿ ಎಂದು ಬಟ್ಟೆ ಮಾತ್ರ ಅಲ್ಲೇ ಇದೆ.

ಕೇಂದ್ರ ಇನ್ನೂ ನಡೆಯುತ್ತಿದೆ, ಗಿರಾಕಿಗಳೂ ಕಡಿಮೆಯಾಗಿಲ್ಲ. ಫಾರಮ್ಮಿನಲ್ಲಿ ನಕ್ಷೆ ಅಳಿಸುವ ಗುರುತು ಹಾಕುವ ಮೊದಲು ಆರು ತಿಂಗಳು ಕಾಯಬೇಕೆಂದು ಡಾಕ್ಟರು ನಿಯಮ ಬದಲಾಯಿಸಿದ್ದಾರೆ. ತೆಗೆದದ್ದನ್ನು ಸುಡುವುದಿಲ್ಲ, ಗಿರಾಕಿಯ ಹೆಸರು ಬರೆದು ಶೈತ್ಯದ ಪೆಟ್ಟಿಗೆಯಲ್ಲಿಡುತ್ತಾರೆ. ಮಂಗಳವಾರ, ಶುಕ್ರವಾರ ನಾನು ಟೇಪು ಹಿಡಿದು ಅಲ್ಲಿಗೆ ಹೋಗುತ್ತೇನೆ. ತೊಟ್ಟಿಗೆ ಇಳಿಯುವವರ ಬಟ್ಟೆ ಎಲ್ಲಿ ಸವೆದಿದೆ ಎಂದು ಮೊದಲು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಈಗ ಮೈಯ ಅಳತೆ, ಬಟ್ಟೆಯ ಅಳತೆ ಎರಡನ್ನೂ ಬರೆಯುತ್ತೇನೆ.

ಪರೀಕ್ಷೆಯ ದಿನ ಬೆಳಿಗ್ಗೆ ಏಳು ಹತ್ತರ ಬಸ್ಸಿಗೆ ನಾನೂ ಹತ್ತಿದೆ. ಮುಂದಿನ ಸೀಟಿನಲ್ಲಿ ತನಿಖೆಯ ಅಧಿಕಾರಿ ಕುಳಿತಿದ್ದರು. ಬಸ್ಸು ಕಿಕ್ಕಿರಿದು ತುಂಬಿತ್ತು. ಹಾಲಕ್ಕ ಹಿಂದಿನ ಬಾಗಿಲಿಂದ ಶುರುಮಾಡಿದಳು. ಬಲ ಪಕ್ಕವನ್ನು ಮುಂದು ಮಾಡಿ ಜನರ ನಡುವೆ ನುಸುಳಿ ಬಂದಳು. ಕಂಬಿ ಹಿಡಿದು ಬೇಕೆಂದೇ ದಾರಿಗೆ ವಾಲಿ ನಿಂತಿದ್ದ ಒಬ್ಬ ಗಂಡಸಿಗೆ ಅವಳ ಮೈ ಸಿಗಲಿಲ್ಲ. ಅವನು ವಾಲಿದಲ್ಲೇ ಉಳಿದ. ನನ್ನ ಸೀಟಿನ ಹತ್ತಿರ ಬಂದು ಎಡ ಸೊಂಟವನ್ನು ಕಂಬಿಗೆ ಆನಿಸಿದಳು. ಹೊಸ ಖಾಕಿ ಪಟ್ಟಿ ಸರಿಯಾಗಿ ಕಂಬಿಯ ಮೇಲೆ ಕುಳಿತಿತು.

ರೈಲ್ವೆ ಸೇತುವೆಯ ಕೆಳಗಿನ ತಿರುವು ಬಂತು. ನಿಂತವರೆಲ್ಲ ಒಂದೇ ಕಡೆಗೆ ವಾಲಿದರು, ಒಂದು ಬುಟ್ಟಿ ಉರುಳಿತು, ಅಧಿಕಾರಿ ಮುಂದಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಾಲಕ್ಕ ಅಲುಗಲಿಲ್ಲ. ಒಂದು ಕೈಯಲ್ಲಿ ಮೆಷಿನ್ನು, ಇನ್ನೊಂದು ಕೈಯಲ್ಲಿ ಚಿಲ್ಲರೆ, ಕಣ್ಣು ನನ್ನ ಮೇಲೆ.

“ಎಲ್ಲಿಗ್ರಿ?” ಎಂದು ಕೇಳಿದಳು, ನನ್ನನ್ನು ಎಂದೂ ಕಾಣದವಳ ಹಾಗೆ.

ಮುಂದಿನ ಸ್ಟಾಪಿಗೆ ಎಂದೆ. ಅವಳು ಎರಡೂ ಕೈಯಿಂದ ಟಿಕೆಟ್ ಹರಿದು ಕೊಟ್ಟಳು.